ತೊಟ್ಟಿಲಿಗೆ ನನ್ನ ಮಗಳನ್ನು ಕೊಡುವುದಿಲ್ಲ

ಬನಹಟ್ಟಿ, ಸೋಮವಾರ

ನಮ್ಮ ಓಣಿಯ ಬಸವ ಜಯಂತಿ ಸಮಿತಿಯ ಅಧ್ಯಕ್ಷರಾದ ಅಂದಾನೆಪ್ಪ ಕಾಕಾ ಅವರಿಗೆ ಶೇವಂತಿಯ ನಮಸ್ಕಾರ.

ಈ ವರ್ಷವೂ ಬಾಲಬಸವಣ್ಣನಾಗಿ ತೊಟ್ಟಿಲಲ್ಲಿ ಮಲಗಲು ವೈಶಾಲಿಯನ್ನೇ ಕಳಿಸಬೇಕೆಂದು ಹೇಳಿಕಳಿಸಿದ್ದೀರಿ. ಕಳಿಸುವುದಿಲ್ಲ. ಅವಳಿಗೆ ಹನ್ನೆರಡು ವರ್ಷ. ಅವಳು ಐದು ವರ್ಷದ ಮಗುವಿನಷ್ಟೇ ಇರುವುದು ನಿಮಗೆ ಅನುಕೂಲವಾಗಿರಬಹುದು, ನನಗಲ್ಲ.

ಬೆಳೆಯಲು ಮಿದುಳು ಕಳಿಸುವ ಸಂದೇಶವನ್ನು ಪಿಟ್ಯುಟರಿ ಗ್ರಂಥಿ ಹಿಡಿದುಕೊಳ್ಳಬೇಕು. ಅದನ್ನು ಹಿಡಿಯುವ ಗ್ರಾಹಕಗಳು ಅವಳಲ್ಲಿ ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಆ ಗ್ರಂಥಿ ಕೊಡಬೇಕಾದ ಹಾರ್ಮೋನನ್ನು ಐದು ತಿಂಗಳಿಂದ ದಿನಾ ಸೂಜಿಯಲ್ಲಿ ಕೊಡುತ್ತಾ ಬಂದಿದ್ದೆವು. ಎಲುಬುಗಳ ಬೆಳವಣಿಗೆ ನಿಂತುಹೋಗುವ ಮುಂಚೆ ಉಳಿದಿರುವುದು ಕೆಲವೇ ವರ್ಷ.

ಹೋದ ವಾರ ನಿಮ್ಮ ಮನೆಯ ಕಾಕಿ ನಮ್ಮಲ್ಲಿಗೆ ಬಂದು, “ಸೂಜಿ ಬಿಡಸ ಬೇ ಶೇವಂತಿ, ಹುಡುಗಿ ಉದ್ದ ಆದ್ರ ನಮ್ಮ ತೊಟ್ಟಿಲದಾಗ ಹಿಡಸೂದಿಲ್ಲ” ಎಂದು ನಕ್ಕರು. ನಾನೂ ನಕ್ಕೆ. ಅದು ನನ್ನ ತಪ್ಪು. ವೈಶಾಲಿ ಕೇಳಿಸಿಕೊಂಡಳು. ಅಂದಿನಿಂದ ಸೂಜಿಗೆ ತೋಳು ಕೊಡುತ್ತಿಲ್ಲ.

“ಬೆಳದ್ರ ನನಗ ಯಾರು ಆರತಿ ಮಾಡ್ತಾರ ಯವ್ವಾ? ಅದೊಂದ ದಿನ ನನಗ ಯಾರೂ ಗಿಡ್ಡಿ ಅನ್ನೂದಿಲ್ಲ” ಎನ್ನುತ್ತಾಳೆ.

ಉಳಿದ ದಿನಗಳಲ್ಲಿ ಹಾಗೆ ಕರೆಯುವವರಲ್ಲಿ ನಿಮ್ಮ ಮೊಮ್ಮಕ್ಕಳೂ ಇದ್ದಾರೆ, ಕಾಕಾ. ನೀವು ಕಟ್ಟೆಯ ಮೇಲೆ ಕುಳಿತು ಕೇಳುತ್ತೀರಿ.

ತೊಟ್ಟಿಲಿಗೆ ಮೂರ್ತಿ ತನ್ನಿ. ನಾಳೆ ಸಂಜೆ ಆ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ. ಅವರು ವೈಶಾಲಿಯನ್ನು ಹೆಸರು ಹಿಡಿದು ಆಟಕ್ಕೆ ಕರೆಯಲಿ. ನಾನು ಸೂಜಿ ತುಂಬಿಟ್ಟು ಕಾಯುತ್ತಿರುತ್ತೇನೆ.

ವೈಶಾಲಿಯ ತಾಯಿ,
ಶೇವಂತಿ