ಅಮ್ಮನ ಬಲಗೈ ಮತ್ತು ತಮ್ಮ ಹತ್ತೊಂಬತ್ತು ದಿನ

ಮಾನ್ಯರೇ,

ಔಷಧ ಅನುಮೋದನಾ ಸಮಿತಿಯ ಅಧ್ಯಕ್ಷರಾದ ತಾವು ಹತ್ತೊಂಬತ್ತು ದಿನ ಒಂದು ಕಡತದ ಮೇಲೆ ಕುಳಿತಿದ್ದರಿಂದ ನನ್ನ ತಾಯಿ ಆಂಜಿನಮ್ಮನ ಬಲಗೈಯನ್ನು ಮಣಿಕಟ್ಟಿಗಿಂತ ಮೇಲೆ ಕತ್ತರಿಸಬೇಕಾಯಿತು. ಕುರ್ಚಿ ಮೆತ್ತಗಿದೆಯೆಂದು ಕೇಳಿದ್ದೇನೆ, ಸಂತೋಷ.

ಅಮ್ಮ ಶಿಡ್ಲಘಟ್ಟದಲ್ಲಿ ಮೂವತ್ತೊಂದು ವರ್ಷ ರೇಷ್ಮೆ ನೂಲು ಬಿಚ್ಚಿದವಳು. ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿ ಗೂಡಿನ ಎಳೆ ಹುಡುಕುವವರ ಕೈ ಸದಾ ಒಡೆದಿರುತ್ತದೆ. ಅದಕ್ಕೆ ಅಲ್ಲಿಯವರ ಮದ್ದು ಒಂದೇ: ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಗಾಯಕ್ಕೆ ಉದುರಿಸಿ, ಮತ್ತೆ ತೊಟ್ಟಿಗೆ ಕೈ ಹಾಕುವುದು. ಕ್ರಿಮಿಯನ್ನು ಕೊಲ್ಲದೆ, ಮದ್ದಿನ ರುಚಿ ಮಾತ್ರ ತೋರಿಸಿ ಪಳಗಿಸುವ ತಪ್ಪು ಅದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಬೈದರೆ ಅಮ್ಮ, “ನೀನು ಓದಿರೋಳು ಕಣಮ್ಮ. ಗಾಯ ಒಣಗೋವರ್ಗೂ ಕುಂತ್ಕೊಂಡ್ರೆ ಗೂಡು ಯಾರು ಬಿಚ್ತಾರೆ?” ಎನ್ನುತ್ತಿದ್ದಳು.

ಕೈ ಕೀವುಗಟ್ಟಿ ಆಸ್ಪತ್ರೆಗೆ ಸೇರಿಸಿದಾಗ ದೊಡ್ಡ ದೊಡ್ಡ ಮದ್ದುಗಳೆಲ್ಲ ಸೋತವು. ವಾರ್ಡಿನ ವೈದ್ಯೆ ಶಿರೀಷಾ ಕೀವನ್ನು ಪರೀಕ್ಷೆ ಮಾಡಿಸಿ ನನ್ನನ್ನು ಕೂರಿಸಿಕೊಂಡು ಹೇಳಿದರು: “ಹೊಸ ಮದ್ದನ್ನ ತನ್ನ ಮೈಯಿಂದ ಹೊರಗೆ ದಬ್ಬೋದು ಈ ಕ್ರಿಮಿ ಕಲ್ತಿದೆ. ಅದನ್ನ ಕಲಿಯೋಕೆ ಹೋಗಿ ಒಂದು ಹಳೇ ಮದ್ದಿನ ಎದುರು ಮೆತ್ತಗಾಗಿದೆ. ಆ ಇಂಜೆಕ್ಷನ್ ಈಗ್ಲೇ ಕೊಟ್ರೆ ಕೈ ಉಳಿಯುತ್ತೆ. ತಡ ಮಾಡಿದ್ರೆ ಅದಕ್ಕೂ ದಾರಿ ಹುಡುಕ್ಕೊಳ್ಳುತ್ತೆ.” ಒಂದನ್ನು ಗಳಿಸಲು ಜೀವಿ ಇನ್ನೊಂದನ್ನು ಕಳೆದುಕೊಳ್ಳುತ್ತದೆ ಎಂಬುದು ನನ್ನ ಹತ್ತನೇ ತರಗತಿಯ ಮಕ್ಕಳಿಗೆ ಒಂದೇ ಪೀರಿಯಡ್ಡಿನಲ್ಲಿ ಅರ್ಥವಾಗುತ್ತದೆ.

ತಮಗೆ? ಆ ಹಳೆಯ ಮದ್ದು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ತಮ್ಮ ಉಗ್ರಾಣದಲ್ಲಿತ್ತು. ಸರ್ಕಾರಿ ಪಟ್ಟಿಯಿಂದ ತೆಗೆದ ಮದ್ದಾದ್ದರಿಂದ ತಮ್ಮ ಸಹಿ ಬೇಕಿತ್ತು. ನಾನು ಚಿಕ್ಕಬಳ್ಳಾಪುರದ ತಮ್ಮ ಕಚೇರಿಗೆ ಬಂದಾಗ, “ಹೊಸ ಮದ್ದಿಗೇ ಬಗ್ಗದ್ದು ಹಳೇದಕ್ಕೆ ಬಗ್ಗುತ್ತಾ?” ಎಂದು ನಕ್ಕಿರಿ. ಮತ್ತೆ ಬಂದಾಗ ಕ್ಯಾಪ್ಸೂಲಿನ ಕಥೆ ಕೇಳಿ, “ನಿಮ್ಮ ಜನ ಮಾಡ್ಕೊಂಡಿದ್ದಕ್ಕೆ ನಾವೇನು ಮಾಡಣ?” ಎಂದಿರಿ. ಆಮೇಲೆ ಎರಡು ಸಲ ತಾವು ಊಟಕ್ಕೆ ಹೋಗಿದ್ದಿರಿ. ಒಪ್ಪುತ್ತೇನೆ, ಶಾಲೆಯ ಮೆಟ್ಟಿಲು ಹತ್ತದ ಅಮ್ಮ ತಪ್ಪು ಮಾಡಿದಳು. ಇಷ್ಟೆಲ್ಲ ಪದವಿ ಪಡೆದ ತಮ್ಮ ನೆಪವೇನು? ಮೆದುಳೇ ಇಲ್ಲದ ಕ್ರಿಮಿ ಕೂಡ ಪೆಟ್ಟು ಬಿದ್ದರೆ ಬದಲಾಗುತ್ತದೆ. ತಮ್ಮನ್ನು ಅದಕ್ಕೆ ಹೋಲಿಸಿದರೆ ಕ್ರಿಮಿಗೆ ಅವಮಾನ.

ಕೈ ಹೋದ ಮರುದಿನ ಮದ್ದು ಬಂತು. ರೋಗಿಯೇ ಹೆಬ್ಬೆಟ್ಟು ಒತ್ತಿ ಪಡೆಯಬೇಕಂತೆ. ಅಮ್ಮ ಮೆಲ್ಲಗೆ, “ಎಡಗೈದು ಒತ್ತಿದ್ರೆ ಒಪ್ಕೊಳ್ತಾರಾ ಕೇಳಮ್ಮ” ಎಂದಳು. ನನಗೆ ಅಳು ಬರಲಿಲ್ಲ, ತಮ್ಮ ಕೆನ್ನೆಗೆ ಬಾರಿಸಬೇಕೆನಿಸಿತು.

ಈಗ ಅಮ್ಮನ ಪಕ್ಕದ ಮಂಚದಲ್ಲಿ ನಗರಗೆರೆಯ ಮುನಿಶಾಮಿ ಇದ್ದಾರೆ. ಅದೇ ಕ್ರಿಮಿ, ಹಳೆಯ ಮದ್ದಿನೆದುರು ಅದಕ್ಕೆ ಅದೇ ದೌರ್ಬಲ್ಯ. ಈ ಸಲ ಕಾಲು. ಕೈ ಹೋದ ಮೇಲೆ ಅಮ್ಮನಿಗೆ ಬೇಡವಾದ ಮದ್ದು ಹತ್ತು ಹೆಜ್ಜೆ ದೂರದ ಫ್ರಿಜ್ಜಿನಲ್ಲೇ ಇದೆ. ಆದರೆ ಅದು ಆಂಜಿನಮ್ಮನ ಹೆಸರಿನಲ್ಲಿ ಬಂದದ್ದು, ಇವರಿಗೆ ಹೊಸ ಅರ್ಜಿ ಹಾಕಿ ಎಂದು ತಮ್ಮ ಕಚೇರಿ ಹೇಳಿದೆ.

ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಆ ಮದ್ದನ್ನು ಮುನಿಶಾಮಿಗೆ ಕೊಡಲು ಲಿಖಿತ ಅಪ್ಪಣೆ ಕಳಿಸಿ. ಪರೀಕ್ಷೆ ತೋರಿಸಿದ ಮದ್ದನ್ನು ಅಂದೇ ಕೊಡುವ ಅಧಿಕಾರವನ್ನು ವಾರ್ಡಿನ ವೈದ್ಯರಿಗೆ ಬಿಡಿ. ಆಗದಿದ್ದರೆ ತಾವೇ ವಾರ್ಡಿಗೆ ಬಂದು, ಎಲ್ಲಿ ಕತ್ತರಿಸಬೇಕೆಂದು ಮುನಿಶಾಮಿಯ ಕಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ಕೆಳಗೆ ಸಹಿ ಹಾಕಿ ಹೋಗಿ.

ಇಂತಿ,
ಅಮ್ಮನ ತಲೆ ಬಾಚುವುದನ್ನು ಈಗಷ್ಟೇ ಕಲಿಯುತ್ತಿರುವ
ತನುಜ, ಶಿಡ್ಲಘಟ್ಟ