ನಿಮ್ಮ ಬೀಳ್ಕೊಡುಗೆ ಭಾಷಣದ ಫೈಲು

ರೀ, ನಾನು ಡ್ಯೂಟಿಗೆ ಹೊರಟೆ. ನಾಳೆಯ ನಿಮ್ಮ ಬೀಳ್ಕೊಡುಗೆ ಭಾಷಣ ವಾಪಸ್ ಸಿಕ್ಕಿದೆ, ಇನ್ನು ಕಂಪ್ಯೂಟರ್ ತಲೆಗೆ ಮೊಟಕಬೇಡಿ.

ಟೈಪ್ ಮಾಡೋ ಪ್ರೋಗ್ರಾಮ್ ಪದೇ ಪದೇ ಮುಚ್ಚಿಕೊಳ್ತಿದ್ದದ್ದು ವೈರಸ್ಸಿಂದ ಅಲ್ಲ, ಪುಟಪುಟಕ್ಕೂ ನೀವು ಅಂಟಿಸಿದ್ದ ಹೂಬಳ್ಳಿ ಚಿತ್ರಗಳ ಭಾರಕ್ಕೆ. ಅದನ್ನೆಲ್ಲ ಕಿತ್ತುಹಾಕಿ, ಬರೀ ಬರಹವನ್ನ ಹೊಸ ಫೈಲಿಗೆ ಹಾಕಿದ್ದೀನಿ. ಹಳೇದನ್ನ ಮುಟ್ಟಬೇಡಿ. ಒಂದೊಂದು ಪ್ಯಾರಾ ಮುಗಿದ ಕೂಡಲೇ ಸೇವ್ ಮಾಡಿ. ಕನ್ನಡಕ ಪ್ರಿಂಟರ್ ಮೇಲಿದೆ, ಮನೆಯೆಲ್ಲ ಹುಡುಕಬೇಡಿ.

ಪೂರ್ತಿ ಓದಿದೆ. ಸಾಹೇಬರು, ಜೀಪ್ ಡ್ರೈವರ್, ಗೇಟ್ ಕಾಯೋನು, ಕ್ಯಾಂಟೀನಿನ ಅಜ್ಜ, ಎಲ್ಲರಿಗೂ ಕೃತಜ್ಞತೆ ಹೇಳಿದ್ದೀರಿ. ಹೆಂಡತಿಯ ಸರದಿ ಬರೋ ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್ ಕೈಕೊಟ್ಟಿರಬೇಕು, ಪಾಪ.

ಈಗ ಕೈಕೊಡಲ್ಲ. ಸಂಜೆ ಬಂದು ಇನ್ನೊಂದ್ಸಲ ಓದ್ತೀನಿ.