ನಾಲ್ಕನೇ ಸಂಚಿಕೆಯ ದೋಣಿ

ಅಪ್ಪ,

ಇವತ್ತು ಚೆನ್ನೈನ ವೇಲಚೇರಿಯ ಪುಸ್ತಕದಂಗಡಿಯಲ್ಲಿ ನಿನ್ನ ಹಳೆಯ ಸುಳ್ಳೊಂದು ಬಯಲಾಯಿತು.

ನಿನ್ನ ಮೊಮ್ಮಗಳು ನಮಿತಾಳಿಗೆ ಈಗ ಸೂಪರ್‌ಹೀರೋ ಕಾಮಿಕ್ಸ್ ಹುಚ್ಚು. ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದಕ್ಕೆ ಅಂಗಡಿಯವರು, "ತನಿತ್ತನಿಯಾ ವೇಂಡಾ ಮೇಡಂ," ಬಿಡಿಬಿಡಿಯಾಗಿ ಬೇಡ ಎಂದು ಆರು ಸಂಚಿಕೆಗಳನ್ನೂ ಸೇರಿಸಿ ಹೊಲಿದ ದಪ್ಪ ಸಂಪುಟ ಕೊಟ್ಟರು. ನೋಡಿದರೆ ನಮ್ಮದೇ ಕತೆ! ಕೋಡಂಬಾಕ್ಕಂ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಗ ನೀನು ಫುಟ್‌ಪಾತಿನಿಂದ ತಂದುಕೊಡುತ್ತಿದ್ದುದು. ಆಗ ನಾಲ್ಕನೆಯದು ಮಾತ್ರ ಸಿಕ್ಕಿರಲಿಲ್ಲ.

ಮೂರರ ಕೊನೆಗೆ ಹೀರೋ ಸಮುದ್ರಕ್ಕೆ ಬೀಳುತ್ತಾನೆ; ಐದರಲ್ಲಿ ತೋಳಿಗೆ ಬಟ್ಟೆ ಕಟ್ಟಿಕೊಂಡು ಹಾರುತ್ತಿರುತ್ತಾನೆ. ನಡುವಿನದನ್ನು ನೀನು ಹೇಳಿದ್ದೆ. ಮೀನುಗಾರ ಹೆಂಗಸೊಬ್ಬಳು ಅವನನ್ನು ದೋಣಿಗೆಳೆದು, ಸೆರಗು ಹರಿದು ತೋಳಿಗೆ ಕಟ್ಟಿ, ಹೆಸರೂ ಕೇಳದೆ, "ಊಟ ಆಯ್ತಾ ಮಗಾ?" ಅಂದಳಂತೆ. ಇಂಗ್ಲಿಷ್ ಬಾರದ ನಿನಗೆ ಯಾರೋ ಓದಿ ಹೇಳಿರಬೇಕು ಎಂದುಕೊಂಡಿದ್ದೆ.

ಇವತ್ತು ನಿಂತಲ್ಲೇ ನಾಲ್ಕನೆಯದನ್ನು ಓದಿದೆ. ದೋಣಿಯೂ ಇಲ್ಲ, ಹೆಂಗಸೂ ಇಲ್ಲ. ಅವನೇ ಈಜಿ ದಡ ಸೇರಿ, ಅವನೇ ಕಟ್ಟು ಕಟ್ಟಿಕೊಳ್ಳುತ್ತಾನೆ, ಅಷ್ಟೆ. ಎಂಥ ಕತೆಗಾರನಪ್ಪ ನೀನು! ಒಂದು ತುಂಡು ಬಟ್ಟೆ ನೋಡಿ ಇಡೀ ಸಂಚಿಕೆ ಹುಟ್ಟಿಸಿದ್ದೆ.

ಬರುವಾಗ ರೈಲಿನಲ್ಲಿ ನಮಿತಾಳಿಗೆ ನಿನ್ನ ನಾಲ್ಕನೆಯದನ್ನೇ ಹೇಳಿದೆ. "ಅದುಕ್ಕು ಹೀರೋ ಎನ್ನ ಸೊನ್ನಾರ್‌ಮಾ?" ಎಂದಳು.

ಹೀರೋ ಏನೆಂದ ಎಂಬುದನ್ನು ನೀನು ಹೇಳಿರಲಿಲ್ಲ. ನಿನ್ನ ಕೊನೆಯವರೆಗೂ ದಿನಾ ಮಧ್ಯಾಹ್ನ ಫೋನಿನಲ್ಲಿ ನೀನೂ "ಊಟ ಆಯ್ತಾ?" ಎಂದೇ ಕೇಳುತ್ತಿದ್ದೆ. ಮೀಟಿಂಗಿದೆ ಎಂದು ನಾನು ಇಟ್ಟುಬಿಡುತ್ತಿದ್ದೆ.

ಅವಳಿಗೆ ಹೇಳಿದೆ: "ನಿಮ್ದಾಯ್ತಾ ಅಂತ ಕೇಳಿದ."